ಗೋದಾಬಾಯಿಯ ಟಿವಿ ಮತ್ತು ನನ್ನ ಐವತ್ತು

ಹುಬ್ಬಳ್ಳಿಯ ಒಂದು ಟಿವಿ ರಿಪೇರಿ ಸೆಂಟರಿನಲ್ಲಿ ನಾನು ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದೆ. ಸೇರಿದಾಗ ಬೆಂಚಿನ ಮುಂದೆ ಕೂಡುವ ಹೆಂಗಸು ನಾನೊಬ್ಬಳೇ. ನನ್ನ ಕೈಯಲ್ಲಿ ಸೋಲ್ಡರಿಂಗ್ ಐರನ್ ಹೊಗೆಯಾಡುತ್ತಿದ್ದರೂ ಗಿರಾಕಿಗಳು ಒಳಗೆ ಬಂದು, "ಮೆಕ್ಯಾನಿಕ್ ಎಲ್ಲಿ ಹ್ವಾದ್ರಿ?" ಎಂದು ಕೇಳುತ್ತಿದ್ದರು. "ಊಟಕ್ಕ ಹೋಗ್ಯಾರ. ಅವರು ಬರೂತನಕಾ ನಾನ ನೋಡತೇನಿ, ಇಡ್ರಿ" ಎಂದು ಹೇಳಿ ನಾನೇ ಸೆಟ್ಟು ಬಿಚ್ಚುತ್ತಿದ್ದೆ. ಆ ಮೆಕ್ಯಾನಿಕ್ ಮೂವತ್ತೊಂದು ವರ್ಷವಾದರೂ ಊಟ ಮುಗಿಸಿ ಬರಲಿಲ್ಲ.

ಈಗ ನಾನು ಹೇಳಹೊರಟಿರುವ ಕೆಲಸ ಆ ಬೆಂಚಿನ ಮೇಲೆ ನಡೆದದ್ದಲ್ಲ. ನಿವೃತ್ತಳಾಗಿ ಎಂಟು ವರ್ಷ ಕಳೆದ ಮೇಲೆ, ಕಳೆದ ವರ್ಷ ದಸರೆಗೆ ಸ್ವಲ್ಪ ಮುಂಚೆ ನಡೆದದ್ದು. ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಮೊಮ್ಮಗಳು ಈಚೆಗೆ ಕಲಿಸಿದ್ದಾಳೆ. ಒಂದೇ ಹೆಬ್ಬೆರಳಿನಿಂದ ಬರೆಯುತ್ತೇನೆ. ಹಾಗಾಗಿ ಬೇಡದ್ದನ್ನು ಬರೆಯಲು ನನಗೂ ಬೇಸರ. ನಿಮಗೆ ಅದು ಒಳ್ಳೆಯದೇ.

ಮೊದಲು ನನ್ನ ಒಂದು ಹಟದ ಬಗ್ಗೆ ಹೇಳಬೇಕು. ಡಬ್ಬದಂಥ ಹಳೆಯ ಟಿವಿ ನೋಡಿದವರಿಗೆ ನೆನಪಿರಬಹುದು, ಒಮ್ಮೊಮ್ಮೆ ಚಿತ್ರ ನಿಲ್ಲದೆ ಮೇಲಕ್ಕೆ ಉರುಳುತ್ತಿತ್ತು. ಸೆಟ್ಟಿನ ಹಿಂದೆ ವರ್ಟಿಕಲ್ ಹೋಲ್ಡ್ ಎಂಬ ಸಣ್ಣ ತಿರುಪು ಇರುತ್ತಿತ್ತು, ಅದನ್ನು ತಿರುಗಿಸಿ ಚಿತ್ರವನ್ನು ನಿಲ್ಲಿಸುತ್ತಿದ್ದೆವು. ನಿಲ್ಲಿಸುವುದೆಂದರೆ ಐವತ್ತಕ್ಕೆ ತರುವುದು. ನಮ್ಮ ದೇಶದ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಹೋಗಿಬರುತ್ತದೆ, ಅದಕ್ಕೆ ಐವತ್ತು ಹರ್ಟ್ಸ್ ಎನ್ನುತ್ತಾರೆ. ನಮ್ಮ ಟಿವಿಗಳೂ ಸೆಕೆಂಡಿಗೆ ಐವತ್ತು ಸಲವೇ ಪರದೆಯ ಮೇಲೆ ಚಿತ್ರ ಬರೆಯುತ್ತಿದ್ದವು. ಹೀಗೆ ಸೆಕೆಂಡಿಗೆ ಎಷ್ಟು ಸಲ ಪರದೆ ಹೊಸದಾಗಿ ಬರೆಯಲ್ಪಡುತ್ತದೆಯೋ ಅದೇ ಅದರ ರಿಫ್ರೆಶ್ ರೇಟ್. ಕಣ್ಣು ಮುಚ್ಚಿ ತಿರುಪು ತಿರುಗಿಸಿದರೂ ನನ್ನ ಕೈ ಐವತ್ತಕ್ಕೇ ಬಂದು ನಿಲ್ಲುತ್ತಿತ್ತು. ಸೆಂಟರಿನಲ್ಲಿ ನನ್ನನ್ನು ಹಿಂದಿನಿಂದ 'ಐವತ್ತರ ಅಕ್ಕಾರು' ಎನ್ನುತ್ತಿದ್ದರು. ನನಗೆ ಅದು ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಮಂಜುಳಾ ಎಂಬ ಹೆಣ್ಣುಮಗಳ ಫೋನು ಬಂತು. ಅವಳ ತವರಿನ ಟಿವಿಯನ್ನು ಹಿಂದೆ ನಾನೇ ರಿಪೇರಿ ಮಾಡುತ್ತಿದ್ದೆ. ಈಗ ಹುಬ್ಬಳ್ಳಿಯ ಅಂಚಿನ ಗಬ್ಬೂರಿನಲ್ಲಿ ಅತ್ತೆಯ ಜೊತೆ ಇದ್ದಾಳೆ, ಗಂಡ ಲಾರಿಯ ಮೇಲೆ ಗುಜರಾತಿಗೆ ಹೋಗಿದ್ದ.

"ಟಿವಿ ಅಕ್ಕಾರ, ಒಂದ್ ಸಲ ಬಂದು ನೋಡಿ ಹೋಗ್ತೀರೇನ್ರಿ? ದೊಡ್ಡ ಟಿವಿಗೆ ಕಂಪ್ಯೂಟರ್ ಹಚ್ಚೇವಿ, ಚಿತ್ರ ಸರಿ ಬರವಲ್ದು. ಒಬ್ರು ಬಂದು ಟಿವಿ ಕೆಟ್ಟೈತಿ ಅಂದ್ರು. ಇನ್ನೊಬ್ರು ಬಂದು ಕಂಪ್ಯೂಟರ್ ಕೆಟ್ಟೈತಿ ಅಂದ್ರು."

"ಮೂರನೇದವರು ಬಂದು ನೀವ ಕೆಟ್ಟೀರಿ ಅಂತಾರ. ನಾ ಎಲ್ಲಾ ಬಿಟ್ಟು ಎಂಟು ವರ್ಷ ಆತವಾ. ಈಗಿನ ಟಿವ್ಯಾಗ ಬಿಚ್ಚಾಕ ಏನೂ ಇರೂದಿಲ್ಲ" ಎಂದೆ.

"ಸೋಮವಾರದೊಳಗ ಆಗಬೇಕ್ರಿ," ಎಂದಳು. ಆಮೇಲೆ ಕಾರಣ ಹೇಳಿದಳು.

ಅವಳ ಅತ್ತೆ ಗೋದಾಬಾಯಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಚಿಕ್ಕಂದಿನಲ್ಲಿ ಕಿವಿ ಕೇಳಿಸದ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಇದ್ದವರು. ಅಲ್ಲಿ ಪಕ್ಕದ ಹಾಸಿಗೆಯ ಹುಡುಗಿ ರೂತ್. ಶಾಲೆಯಲ್ಲಿ ಕೈಸನ್ನೆ ಮಾಡಿದರೆ ಬೆರಳಿನ ಗೆಣ್ಣಿಗೆ ಏಟು ಬೀಳುತ್ತಿತ್ತಂತೆ, ಬಾಯಿಂದಲೇ ಮಾತು ಕಲಿಯಬೇಕೆಂದು. ಅದಕ್ಕೆ ಇಬ್ಬರೂ ಸೇರಿ ಹಾಸ್ಟೆಲಿನಲ್ಲಿ ತಮ್ಮದೇ ಸನ್ನೆಗಳನ್ನು ಕಟ್ಟಿಕೊಂಡರು. ಆ ಮಾತು ಪೂರ್ತಿ ತಿಳಿಯುವವರು ಜಗತ್ತಿನಲ್ಲಿ ಇವರಿಬ್ಬರೇ, ಮಂಜುಳಾ ಮನೆಯಲ್ಲಿ ಬಳಸುವಷ್ಟು ಕಲಿತಿದ್ದಳು. ರೂತಮ್ಮ ಈಗ ಸಿಕಂದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದಾರೆ. ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಇಬ್ಬರ ಮಾತು. ಐವತ್ತು ವರ್ಷ ಕಸೂತಿಯ ಎಳೆ ಎಣಿಸಿ ಎಣಿಸಿ ಗೋದಾಬಾಯಿಯ ಕಣ್ಣು ಸೋತಿತ್ತು. ಫೋನಿನ ಸಣ್ಣ ಪರದೆಯಲ್ಲಿ ಗೆಳತಿಯ ಬೆರಳುಗಳು ಕಡ್ಡಿಯಷ್ಟು ಕಾಣುತ್ತಿದ್ದವು. ಅದಕ್ಕಾಗಿ ನಲವತ್ಮೂರು ಇಂಚಿನ ಟಿವಿಗೆ ಕಂಪ್ಯೂಟರ್ ಜೋಡಿಸಿ, ಅದಕ್ಕೊಂದು ಕ್ಯಾಮೆರಾ ಹಚ್ಚಿದ್ದರು.

"ರೂತಮ್ಮಾರ ಬಲಗೈ ಮಣಿಕಟ್ಟಿನ್ಯಾಗ ಗಂಟಾಗೇತ್ರಿ. ಸೋಮವಾರ ಆಪರೇಷನ್. ಬೆರಳು ಮೊದಲಿನಂಗ ಆಡತಾವೋ ಇಲ್ಲೋ ಹೇಳಾಕ ಬರೂದಿಲ್ಲ ಅಂದಾರಂತ ಡಾಕ್ಟರು," ಎಂದಳು ಮಂಜುಳಾ. "ಅದರಕಿಂತ ಮೊದಲ ಒಂದ್ಸಲ ಸರಿಯಾಗಿ ಮಾತಾಡ್ಲಿ ಅಂತ್ರಿ."

ಮಾತಾಡುವವರಿಗೆ ಗಂಟಲಿನ ಆಪರೇಷನ್ ಎಂದರೆ ಏನೋ, ಇವರಿಗೆ ಕೈಯ ಆಪರೇಷನ್ ಎಂದರೆ ಅದು. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಶನಿವಾರ ಬೆಳಿಗ್ಗೆ ಬರುತ್ತೇನೆ ಎಂದೆ.

ನಮ್ಮ ಮನೆ ಊರಿನ ಇನ್ನೊಂದು ತುದಿಯ ಬೈರಿದೇವರಕೊಪ್ಪದಲ್ಲಿ. ನಮ್ಮವರು ಸ್ಕೂಟರ್ ತೆಗೆದರು. ನಾನು ಹಳೆಯ ಮಲ್ಟಿಮೀಟರು, ಟೆಸ್ಟರು, ನಾಲ್ಕು ಥರದ ಸ್ಕ್ರೂಡ್ರೈವರು ಚೀಲಕ್ಕೆ ತುಂಬುವುದನ್ನು ನೋಡಿ, "ಬಿಚ್ಚಾಕ ಏನೂ ಇರೂದಿಲ್ಲಂತ ನೀನ ಹೇಳ್ದಿ. ಮತ್ತ ಇದೆಲ್ಲಾ ಯಾಕ?" ಎಂದರು.

"ಡಾಕ್ಟರು ಕೊಳ್ಳಾಗ ನಳಿಗಿ ಹಾಕ್ಕೊಂಡು ಬರೂದಿಲ್ಲೇನು, ಹಂಗ."

ಗೋದಾಬಾಯಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದರು. ಮಂಜುಳಾ ಟ್ಯೂಬ್‌ಲೈಟಿನ ಸ್ವಿಚ್ಚನ್ನು ಎರಡು ಸಲ ಟಕಟಕ ಮಾಡಿದಳು. ಆ ಮನೆಯಲ್ಲಿ ಕರೆಯುವ ರೀತಿ ಅದು. ದೀಪ ಮಿನುಗಿದ್ದೇ ತಡ ಅವರು ತಿರುಗಿದರು. ತೆಳ್ಳಗಿನ ಹೆಂಗಸು, ದಪ್ಪ ಕನ್ನಡಕ, ಎರಡೂ ಕೈತುಂಬ ಹಸಿರು ಬಳೆ. ನನ್ನ ಬಿಳಿ ಕೂದಲು ನೋಡಿದರು, ಚೀಲ ನೋಡಿದರು, ಸೊಸೆಯತ್ತ ತಿರುಗಿ ಬೆರಳಾಡಿಸಿದರು.

"ಏನಂದ್ರು?" ಎಂದೆ.

ಮಂಜುಳಾ ನಾಚಿಕೊಂಡಳು. "ಏನಿಲ್ರಿ."

"ಹೇಳವಾ."

"ರಿಪೇರಿ ಯಾರಿಗೆ ಮಾಡಬೇಕು, ಟಿವಿಗೋ ಇವರಿಗೋ ಅಂದ್ರು."

ನನಗೆ ಅವರು ಅಲ್ಲೇ ಇಷ್ಟವಾದರು.

ಕೆಲಸ ಶುರು ಮಾಡಿದೆ. ದೋಷ ಏನು ಎಂದು ಕೇಳಿದ್ದಕ್ಕೆ ಗೋದಾಬಾಯಿ ಎರಡು ಗುರುತು ತೋರಿಸಿದರು. ಒಂದು, ಒಂದು ಕೈಯ ಐದು ಬೆರಳಿನ ಪಕ್ಕಕ್ಕೆ ಇನ್ನೊಂದು ಕೈಯ ಒಂದು ಬೆರಳನ್ನು ಜೋಡಿಸಿದರು. ಟಿವಿಯಲ್ಲಿ ರೂತಳಿಗೆ ಆರು ಬೆರಳು. ಎರಡು, ಕೈಯನ್ನು ಗಾಳಿಯಲ್ಲಿ ಹರಿಸುತ್ತ ನಡುವೆ ಕುಂಟಿಸಿ ತೋರಿಸಿದರು. ಚಿತ್ರ ಕುಂಟುತ್ತದೆ.

ಆರನೆಯ ಬೆರಳು ಟಿವಿಯದೇ ಕಿತಾಪತಿ. ಈಗಿನ ಟಿವಿಗಳಲ್ಲಿ ಮೋಶನ್ ಸ್ಮೂದಿಂಗ್ ಎಂಬ ಒಂದು ಜಾಣತನ ಇರುತ್ತದೆ. ಎರಡು ಚಿತ್ರಗಳ ನಡುವೆ ಇಲ್ಲದ ಒಂದು ಚಿತ್ರವನ್ನು ಟಿವಿ ತಾನೇ ಊಹಿಸಿ ತುಂಬುತ್ತದೆ. ಕ್ರಿಕೆಟ್ ನೋಡುವವರಿಗೆ ಚೆಂಡು ನುಣ್ಣಗೆ ಓಡಿದಂತೆ ಕಂಡು ಖುಷಿಯಾಗಬಹುದು. ಆದರೆ ಬೆರಳುಗಳು ಬೇಗ ಆಡುವಾಗ ಟಿವಿಯ ಊಹೆ ತಪ್ಪಿ, ಬೆರಳಿನ ಪಕ್ಕ ಬೆರಳಿನ ನೆರಳು ಮೂಡುತ್ತದೆ. ರಿಮೋಟಿನಲ್ಲಿ ಹುಡುಕಿ, ಕಂಪ್ಯೂಟರಿನ ತಂತಿ ಹಾಕಿದ ಕಿಂಡಿಗೆ 'ಪಿಸಿ' ಎಂದು ಹೆಸರು ಕೊಟ್ಟೆ. ಎದುರಿಗೆ ಇರುವುದು ಕಂಪ್ಯೂಟರ್ ಎಂದು ಗೊತ್ತಾದರೆ ಟಿವಿ ತನ್ನ ಜಾಣತನವನ್ನೆಲ್ಲ ಬಿಟ್ಟು, ಕೊಟ್ಟ ಚಿತ್ರವನ್ನು ಕೊಟ್ಟ ಹಾಗೆ ತೋರಿಸುತ್ತದೆ.

ಕುಂಟುವುದರ ಕಾರಣ ಕಂಪ್ಯೂಟರಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಸಿಕ್ಕಿತು. ಟಿವಿ ಫೋರ್‌ ಕೆ, ಅಂದರೆ ಅಡ್ಡ 3840 ಚುಕ್ಕೆ, ಉದ್ದ 2160 ಚುಕ್ಕೆ. ಕಂಪ್ಯೂಟರು ಹಳೆಯದು. ಅಷ್ಟೊಂದು ಚುಕ್ಕೆಗಳನ್ನು ಹೊತ್ತು ತರಲು ಅದಕ್ಕೆ ಸೆಕೆಂಡಿಗೆ ಮೂವತ್ತು ಸಲ ಮಾತ್ರ ಆಗುತ್ತಿತ್ತು. ಎರಡು ಕೊಡ ನೀರು ಹೊತ್ತವರು ಓಡಲಾರರಲ್ಲ, ಹಾಗೆ. ಆ ಕಡೆಯಿಂದ ಒಂದು ಚಿತ್ರ ಚೂರು ತಡವಾಗಿ ಬಂದರೂ ಅದರ ಸರದಿಯೇ ತಪ್ಪಿಹೋಗುತ್ತಿತ್ತು. ಚುಕ್ಕೆಗಳನ್ನು 1920ಕ್ಕೆ 1080 ಎಂದು ಇಳಿಸಿದೆ. ಅಕ್ಷರಗಳು ದೊಡ್ಡವಾದವು, ಗೋದಾಬಾಯಿಯ ಕಣ್ಣಿಗೆ ಅದೂ ಒಳ್ಳೆಯದೇ. ಭಾರ ಇಳಿದ ಕೂಡಲೇ ರಿಫ್ರೆಶ್ ರೇಟಿನ ಪಟ್ಟಿ ಉದ್ದವಾಯಿತು. ಇಪ್ಪತ್ನಾಲ್ಕು, ಇಪ್ಪತ್ತೈದು, ಮೂವತ್ತು, ಐವತ್ತು, ಅರವತ್ತು.

ಆ ಐವತ್ತನ್ನು ನೋಡಿ ನನಗೆ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ಅರವತ್ತು ಕೆಲವು ಹೊರದೇಶಗಳ ಕರೆಂಟಿನ ಲೆಕ್ಕ. ನಮ್ಮ ಗೋಡೆಯ ಪ್ಲಗ್ಗಿನಲ್ಲಿ ಐವತ್ತು ಬರುವಾಗ ಟಿವಿಗೆ ಅರವತ್ತು ಏಕೆ ಎಂದು ಒಂದು ಕ್ಷಣವೂ ಯೋಚಿಸದೆ ಐವತ್ತನ್ನು ಒತ್ತಿದೆ. ಮೌಸಿನ ಬಾಣ ಮೊದಲಿಗಿಂತ ಎಷ್ಟೋ ಸಲೀಸಾಗಿ ಓಡಾಡಿತು. ಒಗ್ಗರಣೆ ಅವಲಕ್ಕಿ ತಿಂದು, ಚಹಾ ಕುಡಿದು, ಸ್ಕ್ರೂಡ್ರೈವರುಗಳನ್ನು ಹಾಗೇ ವಾಪಸು ತಂದೆ. ದಾರಿಯಲ್ಲಿ ನಮ್ಮವರಿಗೆ ವರ್ಟಿಕಲ್ ಹೋಲ್ಡಿನ ಮಹಿಮೆಯನ್ನು ಇನ್ನೊಮ್ಮೆ ಹೇಳಿದೆ.

ಸಂಜೆ ನಾಲ್ಕೂವರೆಗೆ ಫೋನು.

"ಅಕ್ಕಾರ, ರೂತಮ್ಮಾರ ಕೂಡ ಹತ್ತು ಮಿನಿಟ್ ಮಾತಾಡಿ ನೋಡಿದ್ರು. ಆರನೇ ಬೆರಳು ಹೋಗೇತಿ. ಆದ್ರ ಅತ್ತಿ ಇನ್ನೂ ಒಲ್ಲೆ ಅಂತಾರ. ಮಾರಿ ಸಣ್ಣದ ಮಾಡ್ಕೊಂಡು ಕುಂತಾರ."

ಮತ್ತೆ ಸ್ಕೂಟರು. ನಾನು ಹೋಗುವಷ್ಟರಲ್ಲಿ ಕಾಲ್ ಮುಗಿದಿತ್ತು. ಗೋದಾಬಾಯಿ ಖಾಲಿ ಪರದೆಯ ಮುಂದೆ ಕೂತಿದ್ದರು. ನಾನು ನಿಂತುಕೊಂಡೇ ಸೆಟ್ಟಿಂಗು ನೋಡಿದೆ. ಐವತ್ತು ಇದ್ದಲ್ಲೇ ಇತ್ತು.

"ನಮ್ಮ ಕಡೆ ಎಲ್ಲಾ ಸರಿ ಐತಿ. ಆ ಸಿಕಂದರಾಬಾದಿನ ನೆಟ್ ಕೆಟ್ಟಿರಬೇಕು," ಎಂದೆ.

ಮಂಜುಳಾ ಅದನ್ನು ಕೈಯಲ್ಲಿ ಹೇಳಿದಳು. ಗೋದಾಬಾಯಿ ತಲೆಯಾಡಿಸಿ ಅಲ್ಲ ಎಂದರು.

"ನೆಟ್ ಕೆಟ್ರ ಚಿತ್ರ ನಿಂತಬಿಡತೈತಿ, ಇಲ್ಲಾ ಮಸಕಾಗತೈತಿ, ಅದು ನನಗ ಗೊತ್ತೈತಿ ಅಂತಾರ್ರಿ. ಇದು ಬ್ಯಾರೆ ಅಂತಾರ."

"ಐವತ್ತ ಸರಿ ಅಂತ ಹೇಳವಾ ಅವರಿಗೆ. ಮೂವತ್ತೊಂದು ವರ್ಷ ನಾ ಇದನ್ನ ಮಾಡೇನಿ."

ಮಂಜುಳಾ ಅದನ್ನೂ ಹೇಳಿದಳು. ಗೋದಾಬಾಯಿ ನನ್ನಿಂದ ಮುಖ ತಿರುಗಿಸಿದರು. ಬಳಿಕ ಸೊಸೆಯ ಜೊತೆ ನಿಧಾನವಾಗಿ, ಸಣ್ಣಸಣ್ಣದಾಗಿ ಏನೋ ಹೇಳಿದರು. 

"ಏನಾತು?"

"ರೂತಮ್ಮ ಏನೋ ಒಂದ್ ಮಾತು ಮೂರ್ ಸಲ ಕೇಳಿದ್ರಂತ್ರಿ. ಇವರಿಗೆ ತಿಳೀಲಿಲ್ಲ. ನಾಕನೇ ಸಲ ತಿಳೀತು ಅಂತ ಗೋಣ್ ಹಾಕ್ಯಾರ. ನಮ್ಮಂಥವರ ಮುಂದ ದಿನಾ ಹಂಗ ಗೋಣ್ ಹಾಕತಾರ್ರಿ, ಅದು ರೂಢಿ. ರೂತಮ್ಮಾರ ಮುಂದ ಎಂದೂ ಹಾಕಿರಲಿಲ್ಲ ಅಂತ."

ನನ್ನ ಕೈಯಲ್ಲಿದ್ದ ರಿಮೋಟನ್ನು ಕೆಳಗಿಟ್ಟೆ. ಮೂವತ್ತೊಂದು ವರ್ಷದ ಮಾತನ್ನು ಯಾಕೆ ಆಡಿದೆ ಅನ್ನಿಸಿತು. ಬಾಗಿಲಲ್ಲಿ ನಿಂತಿದ್ದ ನಮ್ಮವರು ಸ್ಕೂಟರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಕೆಲಸ ಮುಗಿದಿಲ್ಲ, ತಪ್ಪು ನನ್ನದು ಎಂದೇ ಅದರ ಅರ್ಥ.

ಗೋದಾಬಾಯಿ ಎದ್ದು ಒಳಗೆ ಹೋದರು. ಸಿಟ್ಟಿನಿಂದ ಹೋದರೆಂದುಕೊಂಡೆ. ಅವರು ಬಂದದ್ದು ಒಂದು ತುಂಡು ದಪ್ಪ ನೇಯ್ಗೆಯ ಬಟ್ಟೆ, ಕೆಂಪು ದಾರ ಪೋಣಿಸಿದ ಸೂಜಿ ಹಿಡಿದುಕೊಂಡು. ಕಸೂತಿ ಕಲಿಯಲು ಬರುವ ಹುಡುಗಿಯರಿಗೆ ಮೊದಲ ಪಾಠಕ್ಕೆ ಕೊಡುವ ಬಟ್ಟೆ ಅದು, ಎಳೆಗಳು ಬರಿಗಣ್ಣಿಗೇ ಕಾಣುತ್ತವೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲಿನ ಗುರುತು ಹಾಕುವುದಿಲ್ಲ, ಗಂಟು ಹಾಕುವುದಿಲ್ಲ. ಎಳೆ ಎಣಿಸಿಯೇ ಹೊಲಿಯಬೇಕು. ಒಂದು ಎಳೆ ತಪ್ಪಿದರೂ ಹೋದ ದಾರ ವಾಪಸು ಬರುವಾಗ ತೇರೂ ಕೂಡುವುದಿಲ್ಲ, ನವಿಲೂ ಕೂಡುವುದಿಲ್ಲ.

ನನ್ನ ಪಕ್ಕ ಕೂತು ಬಟ್ಟೆಯನ್ನು ಮೊಣಕಾಲ ಮೇಲೆ ಹಾಸಿ ಹೊಲಿಯತೊಡಗಿದರು. ಮೊದಲ ಹೊಲಿಗೆ ಎರಡು ಎಳೆ ಉದ್ದ. ಎರಡನೆಯದೂ ಎರಡು ಎಳೆ. ಮೂರನೆಯದು ಒಂದೇ ಎಳೆ. ಮತ್ತೆ ಎರಡು, ಎರಡು, ಒಂದು. ಗೇಣುದ್ದ ಹೊಲಿದು ನನ್ನ ಮುಂದೆ ಹಿಡಿದರು. ಟಿವಿಯತ್ತ ಬೆರಳು ತೋರಿಸಿ, ಬಟ್ಟೆಯ ಗಿಡ್ಡ ಹೊಲಿಗೆಗಳನ್ನು ಒಂದೊಂದಾಗಿ ಉಗುರಿನಿಂದ ಮುಟ್ಟಿದರು. ಇಲ್ಲಿ. ಇಲ್ಲಿ. ಇಲ್ಲಿ.

ನಾನು ಆ ಬಟ್ಟೆಯನ್ನೇ ನೋಡುತ್ತ ಕೂತೆ. ಎರಡು, ಎರಡು, ಒಂದು, ಕೂಡಿದರೆ ಐದು. ಮೂರು ಹೊಲಿಗೆಗೆ ಐದು ಎಳೆ. ಮೂವತ್ತಕ್ಕೆ ಐವತ್ತು.

ವಿಡಿಯೋ ಕಾಲಿನ ಕ್ಯಾಮೆರಾ ಸೆಕೆಂಡಿಗೆ ಮೂವತ್ತು ಚಿತ್ರ ಕಳಿಸುತ್ತದೆ. ಟಿವಿ ಐವತ್ತು ಸಲ ಪರದೆ ಬರೆಯುತ್ತದೆ. ಮೂರು ಚಿತ್ರಗಳಿಗೆ ಐದು ಸರದಿ. ಸಮನಾಗಿ ಹಂಚಲು ಬರುವುದಿಲ್ಲ. ಒಂದು ಚಿತ್ರಕ್ಕೆ ಎರಡು ಸರದಿ, ಮುಂದಿನದಕ್ಕೆ ಎರಡು, ಅದರ ಮುಂದಿನ ಬಡಪಾಯಿಗೆ ಒಂದೇ. ಕೈ ನಿಧಾನವಾಗಿ ಆಡಿದರೆ ಯಾರಿಗೂ ತಿಳಿಯದು. ಬೆರಳು ಮಿಂಚಿನಂತೆ ಆಡುವಾಗ, ಅದೂ ಬೆರಳೇ ಮಾತಾಗಿರುವಾಗ, ಆ ಒಂದು ಸರದಿಯ ಚಿತ್ರ ಸರಕ್ಕನೆ ಹಾರಿಹೋಗುತ್ತದೆ. ನನ್ನ ಕಣ್ಣಿಗೆ ಮೌಸಿನ ಬಾಣ ನುಣ್ಣಗೆ ಕಂಡಿತ್ತು, ಅಷ್ಟಕ್ಕೇ ಅವಲಕ್ಕಿ ತಿಂದು ಹೋಗಿದ್ದೆ. ಐವತ್ತು ಎಂಬುದು ನಮ್ಮ ಕರೆಂಟಿನ ಲೆಕ್ಕ, ನಮ್ಮ ಹಳೆಯ ಟಿವಿ ಪ್ರಸಾರದ ಲೆಕ್ಕ. ಈ ಕಂಪ್ಯೂಟರಿಗೂ ವಿಡಿಯೋ ಕಾಲಿಗೂ ಅದರ ಹಂಗಿಲ್ಲ.

ಅರವತ್ತನ್ನು ಒತ್ತಿದೆ. ಮೂವತ್ತಕ್ಕೆ ಅರವತ್ತು, ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡು ಸರದಿ. ಮಂಜುಳಾಳಿಗೆ ಫೋನು ಕೊಟ್ಟು ಒಳಕೋಣೆಗೆ ಕಳಿಸಿದೆ. ಅಲ್ಲಿಂದ ವಿಡಿಯೋ ಕಾಲ್ ಮಾಡಿ ಸನ್ನೆಯಲ್ಲಿ ಏನಾದರೂ ಬಡಬಡ ಹೇಳು ಎಂದೆ. ಗೋದಾಬಾಯಿ ಟಿವಿಯ ಮುಂದೆ ಬಾಗಿ ನೋಡಿದರು. ಸ್ವಲ್ಪ ಹೊತ್ತಿಗೆ ಅವರ ಹೆಗಲು ಕುಲುಕತೊಡಗಿತು. ನಗುತ್ತಿದ್ದರು.

"ಏನ್ ಹೇಳಿದಿ?" ಎಂದು ಮಂಜುಳಾ ಹೊರಗೆ ಬಂದಾಗ ಕೇಳಿದೆ.

"ಟಿವಿ ಅಕ್ಕಾರು ಭಾಳ ಹಟಮಾರಿ ಅದಾರ ಅಂತ ಹೇಳಿದೆ, ಸಿಟ್ಟಾಗಬ್ಯಾಡ್ರಿ. ಲಗೂ ಹೇಳಂದ್ರಿ, ಅದ ಬಾಯಿಗೆ ಬಂತು. ಕೈಗೆ ಬಂತು."

ಗೋದಾಬಾಯಿ ಬಟ್ಟೆಯನ್ನು ಮತ್ತೆ ತೆಗೆದುಕೊಂಡು, ಕುಂಟು ಸಾಲಿನ ಕೆಳಗೆ ಇನ್ನೊಂದು ಸಾಲು ಹೊಲಿದರು. ಎರಡು, ಎರಡು, ಎರಡು, ಎರಡು. ದಾರವನ್ನು ಹಲ್ಲಿನಿಂದ ಕಡಿದು, ಬಟ್ಟೆಯನ್ನು ನನ್ನ ಚೀಲದೊಳಗೆ ಮಲ್ಟಿಮೀಟರಿನ ಪಕ್ಕ ತುರುಕಿದರು.

ಭಾನುವಾರ ಮಧ್ಯಾಹ್ನ ರೂತಮ್ಮ ಚರ್ಚಿನಿಂದ ಬಂದ ಮೇಲೆ ಕಾಲ್ ಎಂದು ನಿಶ್ಚಯವಾಗಿತ್ತು. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದೆ. "ರಿಪೇರಿ ಮಾಡಿದ ಮ್ಯಾಲೆ ಒಂದಿನ ಸೆಟ್ ಓಡಿಸಿ ನೋಡಬೇಕು, ಅದು ನಮ್ಮ ಪದ್ಧತಿ," ಎಂದು ನಮ್ಮವರಿಗೆ ಹೇಳಿದೆ. ಅವರು ನಂಬಿದ ಹಾಗೆ ಮಾಡಿದರು.

ಪರದೆಯ ತುಂಬ ರೂತಮ್ಮ ಬಂದರು. ಬಿಳಿ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಅವರು ಕೈಯೆತ್ತಿ ಮೊದಲ ಮಾತು ಆಡುತ್ತಲೇ ಗೋದಾಬಾಯಿಯ ಬೆನ್ನು ನೆಟ್ಟಗಾಯಿತು. ಒಂದೊಂದು ಬೆರಳೂ ಎಣಿಸುವಷ್ಟು ಸ್ವಚ್ಛ. ಇವರೂ ಮಾತು ಶುರು ಮಾಡಿದರು. ಎರಡು ನಿಮಿಷವೂ ಆಗಿರಲಿಲ್ಲ, ಈ ಸಲ ಕಣ್ಣು ಕಿರಿದು ಮಾಡಿ ಕೈ ತಡೆದವರು ರೂತಮ್ಮ.

"ಗೋದಾಬಾಯಾರ ಕೈಮ್ಯಾಲೆ ಕಪ್ಪು ಪಟ್ಟಿ ಮ್ಯಾಲಿಂದ ಕೆಳಗ ಹರದಾಡತಾವ ಅಂತಾರ್ರಿ," ಎಂದಳು ಮಂಜುಳಾ. "ನಿನ್ನೆನೂ ಇತ್ತಂತ. ಸುಮ್ನಿದ್ರಂತ."

ಅಂದರೆ ಶನಿವಾರ ಆ ಕಡೆಯವರೂ ಗೋಣು ಹಾಕಿದ್ದರು.

ನಮ್ಮ ಪರದೆಯಲ್ಲಿ ಏನೂ ದೋಷವಿಲ್ಲ, ನಮ್ಮಿಂದ ಹೋಗುವ ಚಿತ್ರದಲ್ಲಿ ದೋಷ. ಟ್ಯೂಬ್‌ಲೈಟು ಆರಿಸಿ ನೋಡಿದೆ. ಪಟ್ಟಿ ಹೋಯಿತು. ಆದರೆ ಆ ಕೋಣೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ದೀಪ ಇಲ್ಲದಿದ್ದರೆ ಗೋದಾಬಾಯಿಯ ಕೈಯೇ ಕಾಣುವುದಿಲ್ಲ. ದೀಪ ಮತ್ತೆ ಹಾಕಿ ಕಂಪ್ಯೂಟರಿನ ಮುಂದೆ ಕೂತೆ.  ಇಬ್ಬರೂ ಮುದುಕಿಯರು, ಒಬ್ಬರು ಪರದೆಯಲ್ಲಿ ಒಬ್ಬರು ಪಕ್ಕದಲ್ಲಿ, ನನ್ನನ್ನೇ ನೋಡುತ್ತಿದ್ದರು.

ದೀಪಕ್ಕೆ ಬರುವ ಕರೆಂಟು ಹಿಂದೆ ಮುಂದೆ ಹೋಗುವ ಲಯಕ್ಕೆ ಟ್ಯೂಬ್‌ಲೈಟು ಮಿನುಗುತ್ತದೆ. ನಮ್ಮ ಕಣ್ಣಿಗೆ ತಿಳಿಯುವುದಿಲ್ಲ, ಕ್ಯಾಮೆರಾಕ್ಕೆ ತಿಳಿಯುತ್ತದೆ. ಕ್ಯಾಮೆರಾ ಆ ಲಯಕ್ಕೆ ಹೊಂದಿಕೊಳ್ಳದಿದ್ದರೆ ಚಿತ್ರದ ಮೇಲೆ ಪಟ್ಟಿ ಹರಿಯುತ್ತದೆ. ಕ್ಯಾಮೆರಾದ ಸೆಟ್ಟಿಂಗಿನಲ್ಲಿ ಫ್ಲಿಕರ್ ರಿಡಕ್ಷನ್ ಎಂದು ಒಂದು ಸಾಲು ಕಂಡಿತು. ಅದರ ಮುಂದೆ ಎರಡೇ ಅಂಕಿ, ಐವತ್ತು ಮತ್ತು ಅರವತ್ತು. ಕ್ಯಾಮೆರಾ ಬರುವಾಗಲೇ ಅರವತ್ತಕ್ಕೆ ಇಟ್ಟು ಬಂದಿತ್ತು.

ಒತ್ತುವ ಮುಂಚೆ ಈ ಸಲ ಯೋಚಿಸಿದೆ. ಟಿವಿಗೆ ಬೇಕಾದದ್ದು ಆ ಕಡೆಯ ಕ್ಯಾಮೆರಾದ ಲೆಕ್ಕ. ಆದರೆ ಈ ಕ್ಯಾಮೆರಾ ನೋಡುವುದು ಈ ಕೋಣೆಯ ದೀಪವನ್ನು. ಆ ದೀಪ ಉರಿಯುವುದು ನಮ್ಮ ಗೋಡೆಯ ಕರೆಂಟಿನಿಂದ. ಐವತ್ತನ್ನು ಒತ್ತಿದೆ.

ರೂತಮ್ಮ ಎರಡೂ ಅಂಗೈಗಳನ್ನು ಮೇಲೆತ್ತಿ ಗಾಳಿಯಲ್ಲಿ ಅಲುಗಿಸಿದರು. ಅದು ಅವರ ಚಪ್ಪಾಳೆ ಎಂದು ಮಂಜುಳಾ ಹೇಳಿದಳು.

"ಕಡೀಕೂ ನಿಮ್ಮ ಐವತ್ತಕ್ಕ ಒಂದ್ ಜಾಗ ಸಿಕ್ತಲ್ರಿ ಅಕ್ಕಾರ," ಎಂದೂ ಸೇರಿಸಿದಳು.

ಆಮೇಲೆ ಅವರಿಬ್ಬರ ಮಾತು. ನನಗೆ ಒಂದು ಸನ್ನೆಯೂ ತಿಳಿಯದು, ಆದರೂ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಮಂಜುಳಾ ನನ್ನ ಸೆರಗು ಎಳೆದಳು.

"ಅಕ್ಕಾರ, ಹಂಗ ನೋಡಬಾರದ್ರಿ. ಬ್ಯಾರೆಯವರ ಮಾತು ಕದ್ದು ಕೇಳಿದಂಗ ಆಗತೈತಿ."

ನನಗೆ ನಾಚಿಕೆಯಾಯಿತು. ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತೆ. ಮಂಜುಳಾ ಚಹಾದ ನೆಪದಲ್ಲಿ ಒಳಗೆ ಹೋದಳು. ಕೋಣೆಯಲ್ಲಿ ಮಾತಿನ ಸದ್ದಿಲ್ಲ, ಆದರೆ ಸುಮ್ಮನೆಯೂ ಇರಲಿಲ್ಲ. ಹಸಿರು ಬಳೆಗಳು ಝಣಝಣ ಎನ್ನುತ್ತಿದ್ದವು. ಆಗಾಗ ಅಂಗೈಗೆ ಅಂಗೈ ತಾಗುವ ಸಪ್ಪಳ, ಉಸಿರಿನಿಂದಲೇ ಬರುವ ನಗು. ಒಮ್ಮೆ ಬಳೆಗಳು ಬಹಳ ಹೊತ್ತು ನಿಂತುಬಿಟ್ಟವು. ತಿರುಗಿ ನೋಡಬೇಕೆಂದು ಕತ್ತು ತುರಿಸುತ್ತಿತ್ತು. ಮೂವತ್ತೊಂದು ವರ್ಷ ಟಿವಿಯ ಮುಂದೆ ಕೂತವಳು ನಾನು, ಬೆನ್ನು ಮಾಡಿ ಕೂತದ್ದು ಅದೇ ಮೊದಲು. ಗೋಡೆಯ ಮೇಲಿನ ಕ್ಯಾಲೆಂಡರಿನ ಒಂದೊಂದು ಚೌಕವನ್ನೂ ಓದಿದೆ. ಕೊನೆಗೆ ಬಳೆಗಳು ಮತ್ತೆ ಶುರುವಾದವು, ಮೆಲ್ಲಗೆ.

ಶನಿವಾರ ರೂತಮ್ಮ ನಾಲ್ಕು ಸಲ ಕೇಳಿದ್ದು ಏನೆಂದು ಮಂಜುಳಾ ಆಮೇಲೆ ಅತ್ತೆಯನ್ನು ಕೇಳಿಯೇ ನನಗೆ ಹೇಳಿದಳು. ಸೋಮವಾರದಿಂದ ಬಲಗೈ ಇರುವುದಿಲ್ಲ. ಎಡಗೈಯಲ್ಲಿ ಮಾತಾಡಲು ಕಲಿಯುತ್ತಿದ್ದೇನೆ. ನಿನಗೆ ತಿಳಿಯುತ್ತಿದೆಯೇ? ಎಡಗೈಯಲ್ಲೇ ಕೇಳಿದ್ದರು. ಅದಕ್ಕೆ ಗೋದಾಬಾಯಿ ತಿಳಿಯದೆಯೇ ಹೌದೆಂದು ಗೋಣು ಹಾಕಿದ್ದರು. ಭಾನುವಾರ ಮೊದಲು ಅದನ್ನೇ ಹೇಳಿ ಬೈಸಿಕೊಂಡರಂತೆ. ಆಮೇಲೆ ಒಂದು ತಾಸು ಇಬ್ಬರೂ ಹಾಸ್ಟೆಲಿನ ಸನ್ನೆಗಳನ್ನು ಒಂದೊಂದಾಗಿ ತೆಗೆದು, ಎರಡು ಕೈ ಬೇಕಾದವನ್ನು ಒಂದೇ ಕೈಗೆ ತಂದುಕೊಂಡರು. ರೂತಮ್ಮನ ಜೊತೆ ಗೋದಾಬಾಯಿಯೂ ತಮ್ಮ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎಡಗೈಯಲ್ಲೇ ಮಾತಾಡಿದರಂತೆ. ಬಳೆ ನಿಂತದ್ದು ಹಾಗೆ ಸುತ್ತಿಕೊಳ್ಳುವಾಗ, ಆಮೇಲೆ ಮೆಲ್ಲಗೆ ಕೇಳಿಸಿದ್ದು ಎಡಗೈಯ ಬಳೆಗಳು ಮಾತ್ರ.

ಆಪರೇಷನ್ ಆಯಿತು. ಮೂರು ವಾರ ಕಾಲ್ ಇರಲಿಲ್ಲ. ರೂತಮ್ಮನ ಕೈಯ ಬ್ಯಾಂಡೇಜು ಬಿಚ್ಚಿದ ಮೇಲೆ ಮೊದಲ ವಿಡಿಯೋ ಕಾಲಿಗೆ ಗೋದಾಬಾಯಿ ತಾವೇ ನನ್ನನ್ನು ಕರೆಸಿದರು. ಈ ಸಲ ನಾನು ಚೀಲ ಒಯ್ಯಲಿಲ್ಲ.

ರೂತಮ್ಮ ಸೊರಗಿದ್ದರು. ಎಡಗೈ ನಿಧಾನವಾಗಿ ಮೇಲೆದ್ದು ಒಂದು ಸನ್ನೆ ಮಾಡಿತು. ಬಲಗೈ ಅದರ ಪಕ್ಕಕ್ಕೆ ಬಂತು. ಹೆಬ್ಬೆರಳು, ತೋರುಬೆರಳು ಆಡಿದವು. ಉಳಿದ ಮೂರು ಬಿಗಿಯಾಗಿಯೇ ಇದ್ದವು, ಅಲುಗಿದರೂ ತಡೆತಡೆದು, ಒಂದು ಸಲ ಮುಂದೆ ಹೋಗಿ ಇನ್ನೊಂದು ಸಲ ನಿಂತು. ಚಿತ್ರ ಕುಂಟುತ್ತಿದೆ ಎನ್ನಿಸಿತು. ಕಂಪ್ಯೂಟರು ತಾನಾಗಿಯೇ ಸೆಟ್ಟಿಂಗು ಬದಲಿಸಿಕೊಂಡಿರಬೇಕು, ಮತ್ತೆ ಮೂವತ್ತಕ್ಕೆ ಹೋಗಿರಬೇಕು ಎಂದುಕೊಂಡು ನಾನು ಎದ್ದು ಮೌಸಿಗೆ ಕೈ ಹಾಕಿದೆ.

ಗೋದಾಬಾಯಿ ಪರದೆಯಿಂದ ಕಣ್ಣು ತೆಗೆಯದೆಯೇ ನನ್ನ ಮಣಿಕಟ್ಟು ಹಿಡಿದರು. ಹಿಡಿದ ಕೈಯನ್ನು ಮೆಲ್ಲಗೆ ನನ್ನ ಮಡಿಲಿಗೆ ತಂದಿಟ್ಟರು. ಆಮೇಲೆ ಟಿವಿಯ ಅಂಚನ್ನು ಬೆರಳಿನಿಂದ ತಟ್ಟಿ, ಸರಿ ಇದೆ ಎಂದು ತಲೆಯಾಡಿಸಿದರು. ಕುಂಟುತ್ತಿದ್ದದ್ದು ಚಿತ್ರವಲ್ಲ. ಅದು ಅವರ ಗೆಳತಿಯ ಕೈ.

ಮಂಜುಳಾ ನನ್ನ ಕಿವಿಯಲ್ಲಿ ಹೇಳಿದಳು: "ಕಾಯತೇನಿ ಅಂತ ಹೇಳಾಕತ್ತಾರ್ರಿ ಅವರಿಗೆ. ಎಷ್ಟ್ ಹೊತ್ತಾದ್ರೂ ಹೇಳು, ನಾ ಇಲ್ಲೇ ಕುಂತೇನಿ ಅಂತ."

ನನ್ನ ವೃತ್ತಿಯಲ್ಲಿ ನಾನು ಸಾವಿರಾರು ಟಿವಿಗಳ ಬೆನ್ನು ನೋಡಿದ್ದೇನೆ. ಅವುಗಳ ಮುಂದೆ ಕೂತವರ ಮುಖ ನೋಡಿದ್ದು ಕಡಿಮೆ. ಪರದೆ ಸರಿಯಾಗಿದೆಯೇ ಎಂದು ಮೀಟರನ್ನು ಕೇಳುತ್ತಿದ್ದೆ, ನನ್ನ ಕಣ್ಣನ್ನು ಕೇಳುತ್ತಿದ್ದೆ. ಅದನ್ನು ದಿನವೂ ನೋಡುವವರನ್ನು ಕೇಳಬೇಕು ಎಂದು ಗೊತ್ತಾಗಲು ನಿವೃತ್ತಿಯಾಗಿ ಎಂಟು ವರ್ಷ ಬೇಕಾಯಿತು. ಯಾವುದನ್ನು ಸರಿ ಮಾಡಬೇಕು, ಯಾವುದಕ್ಕೆ ಸುಮ್ಮನೆ ಕೂತು ಕಾಯಬೇಕು ಎಂಬುದೂ ಅವರಿಗೇ ಗೊತ್ತಿರುತ್ತದೆ.

ಆ ದಿನ ಯಾರೂ ಹೇಳುವ ಮುಂಚೆಯೇ ನಾನು ಕುರ್ಚಿ ತಿರುಗಿಸಿದೆ. ಹಿಂದೆ ಬಳೆಗಳು ಬಹಳ ನಿಧಾನವಾಗಿ ಸದ್ದು ಮಾಡುತ್ತಿದ್ದವು. ಕ್ಯಾಲೆಂಡರಿನ ಹಾಳೆ ಬದಲಾಗಿತ್ತು, ಓದಲು ಹೊಸ ಚೌಕಗಳಿದ್ದವು.